ಅಮ್ಮನ ಹೆಜ್ಜೆ ಲೆಕ್ಕ

ಅಮ್ಮನಿಗೆ 78. ಒಬ್ಬಳೇ ಇದ್ದಾಳೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಮೊಣಕಾಲು ಊದಿಕೊಂಡಿತು ಅಷ್ಟೆ. ಜಾಸ್ತಿ ಹೆದರಿದ್ದು ನಾನು. ನಮ್ಮ ಮನೆಗೆ ಬಂದುಬಿಡು ಅಂದೆ. "ನಿಮ್ಮನೇಲಿ ಒಂಬತ್ತಕ್ಕೆಲ್ಲ ಲೈಟ್ ಆರಿಸ್ತೀರಿ, ನಂಗಾಗಲ್ಲ" ಅಂದಳು.

ಕೊನೆಗೆ ಒಂದು ವಾಚಿಗೆ ಒಪ್ಪಿಸಿದೆ. ಹೆಜ್ಜೆ, ಎದೆಬಡಿತ ಎಲ್ಲ ಎಣಿಸಿ ನನ್ನ ಫೋನಿಗೆ ಕಳಿಸುವಂಥದ್ದು. ಮೊಣಕಾಲು ಸರಿಹೋದ ಮೇಲೆ ದಿನಕ್ಕೆ 10,000 ಹೆಜ್ಜೆ ಅಂತ ಗುರಿಯನ್ನೂ ನಾನೇ ಹಾಕಿಕೊಟ್ಟೆ. ಮೊದಲ ವಾರ ಮೂರು ಸಾವಿರ ದಾಟಲಿಲ್ಲ. ಎರಡನೇ ವಾರ ಇದ್ದಕ್ಕಿದ್ದಂತೆ 14,000! ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ.

ಒಂದು ಶನಿವಾರ ಹೇಳದೆ ಕೇಳದೆ ಅವಳ ಮನೆಗೆ ಹೋದೆ. ಅಮ್ಮ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಪತ್ತೇದಾರಿ ಕಾದಂಬರಿ ಓದುತ್ತಿದ್ದಳು. ಸುಮ್ನೆ ಫೋನ್ ನೋಡಿದೆ. 9,212. ಸ್ವಲ್ಪ ಹೊತ್ತಿಗೆ 9,260. ಎದೆಬಡಿತ 141. ಅಮ್ಮ ನಿಧಾನವಾಗಿ ಒಂದು ಪುಟ ತಿರುಗಿಸಿದಳು.

"ಅಮ್ಮಾ, ವಾಚೆಲ್ಲಿ?"

"ಇಲ್ಲೇ ಎಲ್ಲೋ ಓಡಾಡ್ತಿರಬೇಕು."

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬೆವರು ಸುರಿಸುತ್ತಾ ಚೆಂಡು ಹಿಡಿದು ಒಳಗೆ ಓಡಿಬಂದ. "ಅಜ್ಜಿ, ಇವತ್ತಿಗೆ ಸಾಕಾ?" ಅವನ ಸಣ್ಣ ಕೈಗೆ ಸರಿಯಾಗಲೆಂದು ಪಟ್ಟಿಗೆ ಸೂಜಿ ಕಾಯಿಸಿ ಹೊಸ ತೂತು ಬೇರೆ ಮಾಡಿದ್ದಳು! ಇವನಿಗೇನು ಕೂಲಿ ಅಂತ ಕೇಳಿದೆ. ಅವನ ಚೆಂಡು ಬಡಿದು ಅಮ್ಮನ ಕಿಟಕಿ ಗಾಜು ಒಡೆದಿತ್ತಂತೆ. ಅದು ತನ್ನ ಕೋಲು ತಾಗಿ ಒಡೆದದ್ದು ಅಂತ ಇವಳೇ ಅವನಮ್ಮನ ಹತ್ತಿರ ಹೇಳಿದ್ದಳಂತೆ.

ಬೈಯಲು ಬಾಯಿ ತೆರೆದೆ. ಅವಳು ಮೊದಲೇ ತಯಾರಾಗಿದ್ದಳು. ಕಾದಂಬರಿಯೊಳಗಿಂದ ಒಂದು ಚೀಟಿ ತೆಗೆದಳು.

"ಈ ಹತ್ತು ಸಾವಿರ ಯಾವ ಡಾಕ್ಟರ್ ಹೇಳಿದ್ದೂ ಅಲ್ಲ ಕಣೇ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರು, ಮಾನ್ಪೊ-ಕೆ. ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ ಅರ್ಥ. 2019ರಲ್ಲಿ ಅಮೆರಿಕದವರು ನನ್ನಂಥ 16,000 ಹೆಂಗಸರ ಹೆಜ್ಜೆ ಎಣಿಸಿದ್ದಾರೆ. ಸರಾಸರಿ ವಯಸ್ಸು 72. ದಿನಕ್ಕೆ 2,700 ನಡೆಯೋರಿಗಿಂತ 4,400 ನಡೆಯೋರಲ್ಲಿ ಸಾವು ಎಷ್ಟೋ ಕಡಿಮೆ. 7,500 ಆದಮೇಲೆ ಹೆಚ್ಚಿನ ಲಾಭ ಏನೂ ಕಾಣಲಿಲ್ಲ."

ಆರೋಗ್ಯವಾಗಿರುವವರೇ ಜಾಸ್ತಿ ನಡೆಯುತ್ತಾರೆ, ಅದಕ್ಕೇ ಹಾಗೆ ಕಾಣಿಸಿರಬಹುದು ಅಂತ ವಾದಿಸಿದೆ. ಸೋಲೊಪ್ಪಲು ಮನಸ್ಸಿರಲಿಲ್ಲ, ನೋಡಿ.

"ಇರಬಹುದು" ಅಂದಳು. "ನಾನೂ ನಡೀತೀನಿ, ದಿನಾ ಬೆಳಿಗ್ಗೆ. ನಡೆಯೋಕೆ ಬೇಜಾರಿಲ್ಲ, ನಿನಗೆ ಲೆಕ್ಕ ಒಪ್ಪಿಸೋಕೆ ಬೇಜಾರು."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಕೂತು ಮಾತಾಡಿಕೊಂಡೆವು. ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟು ಹಾಕಿಸಲು ಕೂಡಲೇ ಒಪ್ಪಿದಳು. ಮೊದಲೇ ಅದನ್ನು ಕೇಳಬೇಕಿತ್ತು ನಾನು, ಅಲ್ವಾ? ವಾಚು ಮಾತ್ರ ಬೇಡ ಅಂದಳು. "ನೀನೇ ಕಟ್ಟಿಕೋ, ಹೊಟ್ಟೆ ಬಂದಿದೆ."

ಕಟ್ಟಿಕೊಂಡೆ. ಲೆಕ್ಕ ಅವಳ ಫೋನಿಗೆ ಹೋಗುವ ಹಾಗೆ ಆ ಹುಡುಗ ಯಾವಾಗ ಬದಲಾಯಿಸಿದನೋ ಗೊತ್ತಿಲ್ಲ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "1,940. ಹುಡುಗನ್ನ ಕಳಿಸ್ಲಾ?"