ಹಳೇ ಟ್ವಿನ್ ಟಬ್ ವಾಷಿಂಗ್ ಮಷೀನ್ ರಿಪೇರಿ

ಕೊಡಗಿನ ಮಳೆಗಾಲದಲ್ಲಿ ಡ್ರೈಯರ್ ಕೈಕೊಟ್ಟರೆ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಹಾಗಂತ ಹಳೇ ಟ್ವಿನ್ ಟಬ್ ಮಷೀನನ್ನು ಗುಜರಿಗೆ ಹಾಕಬೇಡಿ. ಮೋಟಾರ್ ಸುಟ್ಟಿಲ್ಲದಿದ್ದರೆ ಸರಿಮಾಡುವುದು ಸಾಧ್ಯ.

ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿ. ಮೋಟಾರ್ ಗುಂಯ್ ಎಂದರೂ ತಿರುಗುತ್ತಿಲ್ಲವೇ? ಮೊದಲು ಕೆಪಾಸಿಟರ್ (ಮೋಟಾರ್ ತಿರುಗಲು ಶುರುವಾಗಲು ಒತ್ತು ಕೊಡುವ ಬಿಡಿಭಾಗ) ನೋಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಇಳಿಸದೆ ಮುಟ್ಟಬೇಡಿ. ಹೊಸದರ ಮೇಲೆ ಬರೆದ ಮೈಕ್ರೋಫ್ಯಾರಡ್ (µF) ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಕಡಿಮೆಯಾಗಬಾರದು.

ಡ್ರೈಯರಿನಲ್ಲಿ ಹೆಚ್ಚು ಕಾಡುವುದು ಡ್ರಮ್ಮಿನ ಕೆಳಗಿನ ರಬ್ಬರ್ ಸೀಲ್. ಅದು ಹರಿದರೆ ನೀರು ಶಾಫ್ಟ್ ಹಿಡಿದು ನೇರ ಮೋಟಾರಿಗೆ ಇಳಿಯುತ್ತದೆ. ಬರೀ ಸೀಲ್ ಬದಲಿಸಿದರೆ ಸಾಲದು: ಶಾಫ್ಟಿನ ತುಕ್ಕು ಹೊಸ ಸೀಲನ್ನೂ ಅರದಂತೆ ತಿಂದುಹಾಕುತ್ತದೆ. 400 ನಂಬರಿನ ವಾಟರ್ ಪೇಪರಿನಿಂದ (ನಯವಾದ ಉಜ್ಜುಕಾಗದ) ಶಾಫ್ಟ್ ನುಣುಪಾಗುವವರೆಗೆ ಉಜ್ಜಿ, ಒರೆಸಿ, ಸೀಲಿನ ಅಂಚಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸಬಹುದು. ಮುಚ್ಚಳ ತೆಗೆದ ಕೂಡಲೇ ಡ್ರಮ್ ನಿಲ್ಲದಿದ್ದರೆ ಬ್ರೇಕ್ ವೈರ್ ಅತಿಯಾಗಿ ಬಿಗಿಯಾಗಿರಬಹುದು, ಇಲ್ಲವೇ ಬ್ರೇಕ್ ಸವೆದಿರಬಹುದು. ವೈರ್ ಅತಿಯಾಗಿ ಸಡಿಲಾದರೆ ಬ್ರೇಕ್ ಉಜ್ಜಿ ಮೋಟಾರ್ ಬಿಸಿಯಾಗುತ್ತದೆ.

ಒಗೆಯುವ ಟಬ್ಬಿನ ಪಲ್ಸೇಟರ್ (ಬಟ್ಟೆ ತಿರುಗಿಸುವ ಚಕ್ರ) ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಟಬ್ ಸೀಳುತ್ತದೆ. ನಡುವಿನ ಸ್ಕ್ರೂ ತೆಗೆದು, ಎರಡು ಬದಿಗೂ ಗಟ್ಟಿ ದಾರ ತೂರಿಸಿ ಸಮವಾಗಿ ಮೇಲೆಳೆಯಿರಿ. ಅಡಿಯ ಲೋಳೆ ಕೆರೆದು, 10 ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಒಂದು ಗಂಟೆ ಬಿಡಿ. ಜೊತೆಗೆ ಬ್ಲೀಚ್ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ.

ಮಷೀನಿನ ತಗಡಿನ ಹೊರಮೈಗೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮೆಲ್ ಬಣ್ಣ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ತೇವದಲ್ಲಿ ಬಣ್ಣ ಹಿಡಿಯದು. ಕಾಫಿ ಒಣಗಿಸುವ ಬಿಸಿಲಿಗೆ ಕಾಯಿರಿ.