ಏಳು ನಾವಿಕರಿಗಾಗಿ

ನವೆಂಬರ್ 2, ನಮ್ಮ ಕ್ಯಾಥೊಲಿಕರ ಸತ್ತವರ ದಿನ. ಬೆಳಿಗ್ಗೆಯೇ ಗೊಂಡೆ ಹೂವು, ಮೇಣದ ಬತ್ತಿ, ಒಂದು ಕತ್ತಿ ಹಿಡಿದು ಕಾರವಾರದ ಸಿಮಿತ್ರಿಗೆ, ಅಂದರೆ ಸ್ಮಶಾನಕ್ಕೆ ಹೋದೆವು. ಮಳೆಗಾಲದ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಪ್ರತಿ ವರ್ಷ ಅದನ್ನು ಸವರುತ್ತಿದ್ದವರು ಅಜ್ಜ. ಈ ಸಲ ಅವರ ಸಮಾಧಿಯ ಮೇಲಿನ ಹುಲ್ಲನ್ನೇ ನಾವು ಸವರಿದೆವು. ಮಾರ್ಚಿನಲ್ಲಿ ತೀರಿಕೊಂಡಾಗ ಅವರಿಗೆ 84.

ಅಜ್ಜ ನೌಕಾಪಡೆಯಲ್ಲಿದ್ದವರು. ಶನಿವಾರ ರಾತ್ರಿ ಮನೆಮಂದಿಯ ಶೂಗಳನ್ನೆಲ್ಲ ಜಗುಲಿಯಲ್ಲಿ ಸಾಲಾಗಿ ಇಟ್ಟು ಪಾಲಿಶ್ ಮಾಡುತ್ತಿದ್ದರು. ಭಾನುವಾರ ಇಗರ್ಜಿಯ (ಚರ್ಚಿನ) ಮೀಸಿಗೆ, ಅಂದರೆ ಬಲಿಪೂಜೆಗೆ ಯಾರೂ ಧೂಳು ಶೂ ಹಾಕಿಕೊಂಡು ಹೋಗಬಾರದು. ಅಜ್ಜಿಗೆ ಕೈ ಎತ್ತಲು ಆಗದೇ ಹೋದಾಗ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದರು. ಜಡೆ ಸೊಟ್ಟಗಾಗುತ್ತಿತ್ತು. ಅಜ್ಜಿ ಅದನ್ನು ಯಾರಿಂದಲೂ ಸರಿ ಮಾಡಿಸಿಕೊಳ್ಳುತ್ತಿರಲಿಲ್ಲ.

ಸಂಜೆ ತೆರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದು ನಾವು ಹಿರಿಯರ ಬೆಸಾಂವ್ (ಆಶೀರ್ವಾದ) ಕೇಳುವ ಮೊದಲು ಅಜ್ಜ ಇನ್ನೊಂದು ಸುತ್ತು ಜಪ ಹೇಳುತ್ತಿದ್ದರು. ಹತ್ತು ನಮಾನ್ ಮರಿಯೆ, ಅಂದರೆ ಮೇರಿ ಮಾತೆಯ ಪ್ರಾರ್ಥನೆ, ಅಂಜುದೀವದಲ್ಲಿ ಸತ್ತವರಿಗಾಗಿ. ಹಸಿದ ಮಕ್ಕಳಿಗೆ ಅದು ಜಾಸ್ತಿ ಅನಿಸುತ್ತಿತ್ತು. ಯಾಕೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಅಂಜುದೀವ ನಮ್ಮ ಕಣ್ಣೆದುರಿನ ದ್ವೀಪ. ಅಲ್ಲಿ ಬ್ರೋತಾಸ್ ಮಾತೆಯ (ಮೇರಿ ಮಾತೆಯ) ಹಳೇ ಇಗರ್ಜಿ ಇದೆ, ಫೆಬ್ರವರಿ 2ಕ್ಕೆ ಫೆಸ್ತ್, ಅಂದರೆ ಹಬ್ಬ, ನಡೆಯುತ್ತಿತ್ತು. ಅಜ್ಜ ಚಿಕ್ಕವರಿದ್ದಾಗ ತಾಯಿಯ ಜೊತೆ ದೋಣಿಯಲ್ಲಿ ಹೋಗಿದ್ದರಂತೆ. ಆಗ ಅದು ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ನಮ್ಮ ಹಡಗಿನ ಮೇಲೆ, ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು, ಗೋವಾ ವಿಮೋಚನೆಯ ಹೊತ್ತಿಗೆ, ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. ತ್ರಿಶೂಲ್ ಮತ್ತು ಮೈಸೂರು ಹಡಗುಗಳು ಹಿಂದಿನಿಂದ ಫಿರಂಗಿ ಹಾರಿಸಿದವು. ಏಳು ಮಂದಿ ನಾವಿಕರು ಅಲ್ಲೇ ಪ್ರಾಣ ಬಿಟ್ಟರು.

ಅಜ್ಜ ಮೈಸೂರು ಹಡಗಿನಲ್ಲಿದ್ದರು. ಇಪ್ಪತ್ತು ವರ್ಷದ ಹುಡುಗ. ತಾಯಿ ಕೈಹಿಡಿದು ಕರೆದುಕೊಂಡು ಹೋಗಿದ್ದ ದ್ವೀಪದ ಕಡೆಗೇ ತನ್ನ ಹಡಗಿನ ಫಿರಂಗಿ ತಿರುಗಿದ್ದನ್ನು ನೋಡಿದವರು. "ದೇಶದ ಕೆಲಸ, ಮಾಡಲೇಬೇಕಿತ್ತು. ಆದರೆ ಬಾಯಲ್ಲಿ ಮಾತೆಯ ಹೆಸರೇ ಇತ್ತು" ಎಂದು ಒಮ್ಮೆ ಹೇಳಿದ್ದರು. ಆ ಜಪದಲ್ಲಿ ಎದುರಿನವರೂ, ಅಂದರೆ ಪೋರ್ಚುಗೀಸ್ ಸೈನಿಕರೂ ಇದ್ದರು. "ಅವರಿಗೂ ತಾಯಿ ಇದ್ದಳು ಅಲ್ವಾ?" ಎನ್ನುತ್ತಿದ್ದರು. ಸತ್ತವರಿಗಾಗಿ ಬೇಡುವುದು ಕರುಣೆಯ ಕೆಲಸ ಎಂದು ನಮ್ಮ ಧರ್ಮಪಾಠದಲ್ಲಿ ಕಲಿಸುತ್ತಾರೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅಜ್ಜ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ದಿನಾ ಮಾಡಿದರು.

ದ್ವೀಪವೀಗ ನೌಕಾನೆಲೆಯ ಭಾಗ. ಫೆಸ್ತಿಗೆ ಜನ ಹೋಗುವುದು ನಿಂತ ಮೇಲೆ ಅಜ್ಜ ಫೆಬ್ರವರಿ 2ಕ್ಕೆ ಬಿಣಗಾದ ದಂಡೆಯಲ್ಲಿ ನಿಂತು, ಟೋಪಿ ತೆಗೆದು, ಅಲ್ಲಿಂದಲೇ ಕೈಮುಗಿದು ಬರುತ್ತಿದ್ದರು. ಬೇಜಾರು ಮಾಡಿಕೊಂಡವರಲ್ಲ.

ಸಿಮಿತ್ರಿಯಲ್ಲಿ ಪಾದ್ರಿಗಳು ಸಮಾಧಿಗಳಿಗೆ ತೀರ್ಥ ಚಿಮುಕಿಸಿ ಹೋದರು. ನಾವು ತೆರ್ಸ್ ಹೇಳಿದೆವು. ಮುಗಿದಾಗ ಎಲ್ಲರೂ ಸುಮ್ನೆ ನಿಂತೆವು. ಮುಂದಿನದು ಅಜ್ಜನ ಪಾಲಿನದಾಗಿತ್ತು. ಕೊನೆಗೆ ಅಮ್ಮ ಶುರು ಮಾಡಿದಳು. ಗಾಳಿಗೆ ಬತ್ತಿ ಎರಡು ಸಲ ಆರಿತು, ನನ್ನ ತಮ್ಮ ಕೈ ಅಡ್ಡ ಹಿಡಿದು ಮತ್ತೆ ಹಚ್ಚಿದ.

ಬರುವಾಗ ಇಗರ್ಜಿಯ ಆಫೀಸಿಗೆ ಹೋಗಿ ಡಿಸೆಂಬರ್ 18ರ ಮೀಸಿಗೆ ಹಣ ಕಟ್ಟಿದೆವು. ಯಾರ ಆತ್ಮಕ್ಕೆ ಎಂದು ಬರೆಯಲಿ ಎಂದು ಕೇಳಿದರು. ಅಂಜುದೀವದ ಏಳು ನಾವಿಕರು ಎಂದೆ. ಪೆನ್ನು ಕೆಳಗಿಡುವ ಮುಂಚೆ, "ಎದುರಿನವರು ಅಂತಲೂ ಬರೆಯಿರಿ" ಎಂದಳು ಅಮ್ಮ.