‘ಏನೂ ತೊಂದ್ರೆ ಇಲ್ಲ ಮೇಡಂ’

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಜೊತೆಗೆ ಇಪ್ಪತ್ತು ಮಕ್ಕಳಿಗೆ ಮೆಂಟರ್. ಅಂದರೆ ತಿಂಗಳಿಗೊಮ್ಮೆ ಕರೆದು ಕಷ್ಟಸುಖ ಕೇಳಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಬೇಕು. ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್‌ನವರು ಬಂದಾಗ ತೋರಿಸೋಕೆ ಅದು ಬೇಕೇ ಬೇಕು.

ಕಳೆದ ವರ್ಷ ನನ್ನ ಪಟ್ಟಿಯಲ್ಲಿ 38 ವರ್ಷದವರೊಬ್ಬರು ಇದ್ದರು. 17 ವರ್ಷ ಸೇನೆಯಲ್ಲಿದ್ದು, ಹವಾಲ್ದಾರ್ ಆಗಿ ನಿವೃತ್ತರಾಗಿ ಬಿ.ಎ. ಸೇರಿದವರು. ನನಗಿಂತ ದೊಡ್ಡವರು. ಆದರೂ ನಾನು ಕ್ಲಾಸಿಗೆ ಕಾಲಿಟ್ಟರೆ ಮೊದಲು ಎದ್ದು ನಿಲ್ಲುತ್ತಿದ್ದವರು ಅವರೇ. ಹುಡುಗರು ಮೊದಮೊದಲು ಅಂಕಲ್ ಅನ್ನುತ್ತಿದ್ದರು, ಆಮೇಲೆ ಅಣ್ಣ ಆಯಿತು.

ನಾನು ‘ಹೇಗಿದ್ದೀರಿ?’ ಅನ್ನುವುದು, ಅವರು ‘ಏನೂ ತೊಂದ್ರೆ ಇಲ್ಲ ಮೇಡಂ, ಎಲ್ಲಾ ಚೆನ್ನಾಗದೆ’ ಅನ್ನುವುದು. ಮೂರು ತಿಂಗಳೂ ‘ಸಮಸ್ಯೆ: ಇಲ್ಲ’ ಎಂದೇ ಬರೆದೆ. ಇಂಥ ಆಶಾವಾದಿ ಇನ್ನೊಬ್ಬರಿಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೊಗಳಿದ್ದೂ ಆಯಿತು. ಇಂಟರ್ನಲ್ ಟೆಸ್ಟಿನಲ್ಲಿ ಅವರ ಉತ್ತರ ಒಂದೂವರೆ ಪುಟಕ್ಕೇ ನಿಂತಿತ್ತು. ಮರುದಿನದಿಂದ ಕಾಲೇಜಿಗೇ ಬರಲಿಲ್ಲ.

ಫೋನ್ ಮಾಡಿ ಏನಂದೆ ಗೊತ್ತಾ? ‘ಗಡಿ ಕಾಯ್ದವರು ನೀವು, ಇದೆಲ್ಲ ನಿಮಗೆ ಯಾವ ಲೆಕ್ಕ?’ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ‘ಆಯ್ತು ಮೇಡಂ’ ಅಂದು ಇಟ್ಟರು, ಅಷ್ಟೇ.

ಹತ್ತು ದಿನದ ಮೇಲೆ ಟಿ.ಸಿ. ಕೇಳಿಕೊಂಡು ಆಫೀಸಿಗೆ ಬಂದರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಹೇಳಿದೆ. ಈ ಸಲ ಹೇಗಿದ್ದೀರಿ ಅನ್ನಲಿಲ್ಲ. ಟೆಸ್ಟ್ ದಿನ ಏನೇನಾಯಿತು, ಮೊದಲಿಂದ ಹೇಳಿ ಅಂದೆ. ಉತ್ತರ ಗೊತ್ತಿತ್ತಂತೆ, ಕೈ ಓಡಲಿಲ್ಲವಂತೆ. ಹದಿನೇಳು ವರ್ಷ ಹಿಂದಿಯಲ್ಲಿ ಮಾತಾಡಿ, ಇಂಗ್ಲಿಷಿನ ಫಾರಂ ತುಂಬಿ, ಕನ್ನಡ ಅಂದರೆ ಬರೀ ಮನೆಗೆ ಫೋನ್ ಮಾಡುವಾಗ ಅಂತಾಗಿದ್ದವರಿಗೆ ಒಂದೊಂದು ಒತ್ತಕ್ಷರಕ್ಕೂ ಪೆನ್ನು ನಿಲ್ಲುತ್ತಿತ್ತು. ಸಾಲದ್ದಕ್ಕೆ ಕಬ್ಬಿನ ಗದ್ದೆ ಬೇರೆ. ಥ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ರಾತ್ರಿಯೇ ನೀರು ಕಟ್ಟಬೇಕು, ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಕೆ. ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ‘ಸಾಹೇಬರು ಕೇಳಿದ್ರೆ ಎಲ್ಲಾ ಸರಿ ಅದೆ ಅನ್ನೋದೇ ಅಭ್ಯಾಸ ಮೇಡಂ’ ಅಂದರು. ನಾನು ಮೂರು ತಿಂಗಳು ಕೇಳಿಸಿಕೊಂಡದ್ದು ಡ್ಯೂಟಿ ರಿಪೋರ್ಟು!

ತಮಾಷೆ ಅಂದರೆ ಇದನ್ನು ನಾನೇ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ಒಳ್ಳೆಯದಾಗುತ್ತೆ ಎಂಬ ನಂಬಿಕೆ ಬೇರೆ, ಭರವಸೆ ಬೇರೆ. ಭರವಸೆಗೆ ಛಲವೂ ಬೇಕು, ದಾರಿಯೂ ಕಾಣಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಸಿ.ಆರ್. ಸ್ನೈಡರ್ ಮತ್ತು ಜೊತೆಯವರು 1991ರಲ್ಲಿ ಭರವಸೆ ಅಳೆಯಲು ಮಾಡಿದ ಪಟ್ಟಿಯಲ್ಲಿ 12 ವಾಕ್ಯಗಳಿವೆ. 4 ಛಲದ ಬಗ್ಗೆ, 4 ದಾರಿ ಹುಡುಕುವ ಬಗ್ಗೆ, ಮಿಕ್ಕ 4 ಸುಮ್ನೆ ಮಧ್ಯೆ ಸೇರಿಸಿದವು, ಲೆಕ್ಕಕ್ಕಿಲ್ಲ. ಇವರಿಗೆ ಛಲ ಬೇಕಾದಷ್ಟಿತ್ತು. ದಾರಿ ಕಾಣುತ್ತಿರಲಿಲ್ಲ. ನಾನೋ, ಇದ್ದ ಛಲಕ್ಕೇ ಇನ್ನಷ್ಟು ಗಾಳಿ ಹಾಕುತ್ತಿದ್ದೆ.

ಸಹೋದ್ಯೋಗಿಯೊಬ್ಬರು, ಯಾಕೆ ಒದ್ದಾಡ್ತೀರಿ, ಮನೆಯಿಂದಲೇ ಓದೋಕೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆಯಲ್ಲ ಅಂದರು. ಬೇರೆಯವರಿಗೆ ಅದು ಒಳ್ಳೆಯ ದಾರಿಯೇ. ಇವರು ಒಪ್ಪಲಿಲ್ಲ. ‘ಯೂನಿಟ್ ಬಿಟ್ಟು ಬಂದ್ಮೇಲೆ ಜೊತೆಗೆ ಕೂರೋ ಜನ ಇಲ್ಲ ಮೇಡಂ’ ಅಂದರು. ಎಸ್‌ಎಸ್‌ಎಲ್‌ಸಿ ಆಗಿ 15 ವರ್ಷ ಸೇನೆಯಲ್ಲಿದ್ದವರನ್ನು ಕೇಂದ್ರದ ಎಷ್ಟೋ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದು ಪರಿಗಣಿಸುತ್ತಾರೆ, ಅದು ಅವರಿಗೂ ಗೊತ್ತು. ಕೆಲಸಕ್ಕೆ ಮಾತ್ರ ಆಗಿದ್ದರೆ ಕಾಲೇಜಿಗೆ ಬರುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ಟಿ.ಸಿ. ಅರ್ಜಿ ವಾಪಸ್ ತೆಗೆದುಕೊಂಡರು. ದಿನಾ ಎರಡು ಪುಟ ಕನ್ನಡ ಬರೆಯುವುದು, ಪಕ್ಕದ ಹುಡುಗ ತಿದ್ದುವುದು ಅಂತಾಯಿತು. ಆ ಹುಡುಗನ ಒತ್ತಕ್ಷರವೂ ಅಷ್ಟಕ್ಕಷ್ಟೇ ಅನ್ನುವುದು ಬೇರೆ ಮಾತು.

ಇಂಥವರು ಇನ್ನೂ ಜಾಸ್ತಿ ಬರುತ್ತಾರೆ. 2022ರ ಅಗ್ನಿಪಥ ಯೋಜನೆಯಲ್ಲಿ 4 ವರ್ಷ ಮುಗಿಸಿದವರಲ್ಲಿ ಸೇನೆಯಲ್ಲಿ ಉಳಿಯುವುದು ಶೇ 25ರವರೆಗೆ ಮಾತ್ರ. ಮಿಕ್ಕವರಲ್ಲಿ ಎಷ್ಟೋ ಮಂದಿ ಇಪ್ಪತ್ತೆರಡು, ಇಪ್ಪತ್ಮೂರಕ್ಕೇ ಊರಿಗೆ ವಾಪಸ್. ನಿಮ್ಮ ಕ್ಲಾಸಿಗೂ ಬರಬಹುದು, ಅಲ್ವಾ?

ರಿಜಿಸ್ಟರಿನ ‘ಸಮಸ್ಯೆ’ ಕಾಲಂ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದುಕೊಂಡಿದ್ದೇನೆ. ಮೊನ್ನೆ ಅವರ ಹೆಸರಿನ ಮುಂದೆ ಬರೆದದ್ದು ಇಷ್ಟು: ‘ಮಂಗಳವಾರ ರಾತ್ರಿ ಗದ್ದೆಗೆ ನೀರು. ಬುಧವಾರ ತಡ. ಮೊದಲ ಪೀರಿಯಡ್ ನೋಟ್ಸ್ ತೆಗೆದಿಡುವುದು.’